ದೋಣಿ ಹೋಗದ ಕಡೆಯ ಹೂಳು

ಜಲಾಶಯದ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ. ಮಳೆ ಬಂದಾಗ ಹೊಳೆಯ ನೀರಿನ ಜೊತೆ ಮಣ್ಣೂ ಬರುತ್ತದೆ. ನೀರು ಕಾಲುವೆಗೆ ಹೋಗುತ್ತದೆ, ಮಣ್ಣು ಅಲ್ಲೇ ಕೂರುತ್ತದೆ. ಹಾಗೆ ಕೂತದ್ದೇ ಹೂಳು. ವರ್ಷದಿಂದ ವರ್ಷಕ್ಕೆ ಅದು ಏರಬೇಕು, ನೀರಿಗಿರುವ ಜಾಗ ಇಳಿಯಬೇಕು. ಇದನ್ನು ಅಳೆಯುವುದೇ ನನ್ನ ಹೊಟ್ಟೆಪಾಡು. ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ, ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ, ನಾವೇ ಅಳೆದು ತಂದಿದ್ದ ಜಲಾಶಯವೊಂದು ಹಿಂದಿನ ಸರ್ವೆಗಿಂತ ಕಡಿಮೆ ಹೂಳು ತೋರಿಸಿತು.

ನನ್ನ ಸಹೋದ್ಯೋಗಿಗೆ ಖುಷಿಯೋ ಖುಷಿ. ಕಂಪ್ಯೂಟರ್ ಕೆಲಸವೆಲ್ಲ ಅವನ ಪಾಲಿನದು. ಪರದೆಯ ಮೇಲೆ ಜಲಾಶಯ ಕಡುನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ನುಣ್ಣಗೆ ಹರಡಿಕೊಂಡಿತ್ತು.

“ನೋಡು ಮಗಾ, ಎಷ್ಟು ಸಖತ್ತಾಗಿ ಬಂದಿದೆ! ಒಂದು ಕಡೇನೂ ತೂತಿಲ್ಲ.”

“ಹೂಳು ಕಮ್ಮಿ ಆಗಿದೆಯಲ್ಲೋ.”

“ಆಗ್ಲಿ ಬಿಡು. ಡ್ಯಾಮ್ ಡಯಟ್ ಮಾಡಿರ್ಬೇಕು.”

ನನಗೆ ನಗು ಬರಲಿಲ್ಲ. ಕುರ್ಚಿಯಿಂದ ಎದ್ದೆ, ಮತ್ತೆ ಕೂತೆ, ಮತ್ತೆ ಎದ್ದೆ. ಆಫೀಸಿನ ಕೆಳಗಡೆ ಮೆಡಿಕಲ್ ಸ್ಟೋರ್ ಇದೆ. ಅಲ್ಲಿಯವರೆಗೆ ಇಳಿದು ಹೋಗಿ, ಏನೂ ಕೊಳ್ಳದೆ, ಅಂಗಡಿಯವರು “ಏನ್ ಬೇಕಿತ್ತು ಮೇಡಂ?” ಎಂದು ಕೇಳಿದಾಗ “ಏನಿಲ್ಲ” ಎಂದು ಮತ್ತೆ ಮೆಟ್ಟಿಲು ಹತ್ತಿ ಬಂದೆ.

ನನ್ನ ಈ ಚಡಪಡಿಕೆಗೆ ಬೇರೆ ಕಾರಣವೂ ಇತ್ತು. ಅಲ್ಲಿಯವರೆಗೆ ನಾನು ಈ ಕಂಪನಿಯ ದೋಣಿಯಲ್ಲಿ ಕೂತು ಅಳೆದ ಜಲಾಶಯಗಳ ವರದಿಗಳೆಲ್ಲ ಬೇರೆಯವರ ಸಹಿಯಲ್ಲಿ ಹೋಗಿದ್ದವು. ಈ ಸಲ ನಮ್ಮ ಸಾರ್ (ನೀರಾವರಿ ಇಲಾಖೆಯಿಂದ ನಿವೃತ್ತರಾಗಿ ಈ ಕಂಪನಿ ನಡೆಸುತ್ತಿರುವ ಇಂಜಿನಿಯರ್) ಸರ್ವೆಯ ಹೊಣೆ ನನ್ನದೆಂದೂ ಕೊನೆಯ ಪುಟದಲ್ಲಿ ನನ್ನ ಹೆಸರೇ ಬರುವುದೆಂದೂ ಹೇಳಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಡಿಪ್ಲೊಮಾ ಮುಗಿಸಿ, ಹಗಲು ಸೈಟ್‌ಗಳಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಇ. ಮಾಡಿದೆ. ಆಗ ಬಸ್ಸಿನಲ್ಲಿ ನಿಂತೇ ಓದಿಕೊಂಡ ಪಾಠಗಳು ಈಗಲೂ ನನಗೆ ನಿಂತರೆ ಮಾತ್ರ ಸರಿಯಾಗಿ ನೆನಪಾಗುತ್ತವೆ. ನಮ್ಮಲ್ಲಿ ಯಾರದಾದರೂ ಹೆಸರು ಅಚ್ಚಾಗಿದ್ದರೆ ಅದು ರೇಷನ್ ಕಾರ್ಡಿನಲ್ಲಿ, ಮದುವೆಯ ಲಗ್ನಪತ್ರಿಕೆಯಲ್ಲಿ, ಕೊನೆಗೆ ತಿಥಿಯ ಕಾರ್ಡಿನಲ್ಲಿ. ಅಣೆಕಟ್ಟೆಯೊಂದರ ವರದಿಯಲ್ಲಿ ನನ್ನ ಹೆಸರು ಬರುತ್ತದೆಂದು ಮನೆಯಲ್ಲಿ ಆಗಲೇ ಹೇಳಿಬಿಟ್ಟಿದ್ದೆ. ಆ ಹೆಸರು ನನಗೆ ಬೇಕಾಗಿತ್ತು. ಸಂಕೋಚ ಪಟ್ಟುಕೊಳ್ಳುವಂಥದ್ದೇನೂ ಅದರಲ್ಲಿಲ್ಲ. ತುಂಬಾ ಬೇಕಾಗಿತ್ತು.

ನಮ್ಮ ಕೆಲಸವನ್ನು ಮಾತಿನಲ್ಲಿ ಹೇಳುವುದು ಸುಲಭ. ದೋಣಿಗೆ ಒಂದು ಯಂತ್ರ ಕಟ್ಟುತ್ತೇವೆ. ಅದು ನೀರಿನೊಳಕ್ಕೆ ಸದ್ದು ಬಿಡುತ್ತದೆ. ಸದ್ದು ತಳಕ್ಕೆ ಬಡಿದು ವಾಪಸು ಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದರ ಮೇಲೆ ಆಳ ಗೊತ್ತಾಗುತ್ತದೆ. ದೋಣಿ ಹೊಲ ಉಳುವ ಹಾಗೆ ಸಾಲು ಹಿಡಿದು ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿರುತ್ತದೆ. ಸಾಲುಗಳ ನಡುವೆ ಉಳಿದ ಜಾಗವನ್ನು ಕಂಪ್ಯೂಟರ್ ಅಂದಾಜಿನಲ್ಲಿ ತುಂಬಿಕೊಂಡು ಇಡೀ ತಳವನ್ನು ಬಿಡಿಸಿಕೊಡುತ್ತದೆ. ಹಳೆಯ ಸರ್ವೆಯ ತಳದ ಮೇಲೆ ಹೊಸ ತಳವನ್ನಿಟ್ಟು ನೋಡಿದರೆ, ಎರಡರ ನಡುವೆ ಇರುವುದು ಈಚೆಗೆ ಬಂದು ಕೂತ ಹೂಳು.

ನಾನು ಪರದೆಯ ಮುಂದೆ ನಿಂತು ಅಣೆಕಟ್ಟೆಯ ಗೋಡೆಯಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ನೋಡುತ್ತ ಹೋದೆ. ಗೋಡೆಯ ಹತ್ತಿರ ಸರಿ ಇತ್ತು. ನಡುವೆಯೂ ಸರಿ ಇತ್ತು. ಕೊನೆಗೆ ಹೊಳೆ ಬಂದು ಸೇರುವ ತುದಿ. ಅಲ್ಲಿ ನಮ್ಮ ಸಾಲುಗಳೇ ಇರಲಿಲ್ಲ. ಕೊನೆಯ ಸಾಲಿನಿಂದ ದೂರದ ದಡದವರೆಗೆ ಕಂಪ್ಯೂಟರ್ ಒಂದೇ ಜಾರುಬಂಡೆ ಎಳೆದಿತ್ತು, ನುಣ್ಣಗೆ, ಹಸಿರಾಗಿ.

ಆಗ ಸೌತೆಕಾಯಿ ನೆನಪಾಯಿತು.

ಸರ್ವೆಯ ಯೋಜನೆ ಹಾಕಿದಾಗ ಜಲಾಶಯ ತುಂಬಿತ್ತು. ನಾವು ದೋಣಿ ಇಳಿಸುವ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟಾಗಿತ್ತು, ಹಿನ್ನೀರು ತುಂಬಾ ಕೆಳಕ್ಕೆ ಸರಿದಿತ್ತು. ಕೊನೆಯ ದಿನ ದೋಣಿ ಆ ತುದಿಯ ಕೆಸರಿಗೆ ಹೊಟ್ಟೆ ಆನಿಸಿ ನಿಂತುಬಿಟ್ಟಿತು. ತಳ್ಳಿ ತಿರುಗಿಸಿದೆವು. ಆಮೇಲೆ ರಸ್ತೆಯ ಮೇಲೆ ಸುತ್ತಿಕೊಂಡು ಅದೇ ತುದಿಗೆ ಹೋಗಿ ನೋಡಿದರೆ, ನೀರು ಬಿಟ್ಟುಹೋದ ನೆಲದಲ್ಲಿ ಊರಿನವರು ಸೌತೆ, ಕಲ್ಲಂಗಡಿ ಹಾಕಿಕೊಂಡಿದ್ದರು. ನೀರು ಇಳಿದಾಗಲೆಲ್ಲ ಅವರು ಹಾಗೆ ಮಾಡುತ್ತಾರಂತೆ. ಒಬ್ಬ ಹೆಂಗಸು ಉಪ್ಪು ಖಾರ ಸವರಿ ಸೌತೆಕಾಯಿ ಕೊಟ್ಟಳು. ನಾವು ಬದುವಿನ ಮೇಲೆ ಕೂತು ತಿಂದೆವು, ಕೈ ಒರೆಸಿಕೊಂಡೆವು, ಬೆಂಗಳೂರಿಗೆ ಬಂದೆವು. ಬಳ್ಳಿಗಳೆಲ್ಲ ಹಬ್ಬಿದ್ದದ್ದು ಹೂಳಿನ ಮೇಲೆ. ಹೂಳಿನ ಮೇಲೆಯೇ ಕೂತು ತಿಂದು ಬಂದು, ಹೂಳಿಲ್ಲ ಎನ್ನುವ ನಕ್ಷೆ ತೆಗೆದಿದ್ದೆವು.

ಹೊಳೆ ಜಲಾಶಯದೊಳಕ್ಕೆ ಬಂದ ಕೂಡಲೇ ಅದರ ವೇಗ ತಗ್ಗುತ್ತದೆ. ಹೊತ್ತು ತಂದ ಮಣ್ಣಿನಲ್ಲಿ ದಪ್ಪನೆಯದನ್ನೆಲ್ಲ ಅದು ಬಾಗಿಲಲ್ಲೇ ಇಳಿಸಿಬಿಡುತ್ತದೆ. ಅಲ್ಲಿ ನೀರಿನ ಆಳ ಕಡಿಮೆ, ದೋಣಿ ಹೋಗುವುದಿಲ್ಲ. ದೋಣಿ ಹೋಗದ ಕಡೆಯೇ ಹೂಳು ಹೆಚ್ಚು. ನಮ್ಮ ಕಸುಬಿನ ತೊಡಕೇ ಇದು.

ಮಧ್ಯಾಹ್ನ ಸಾರ್ ಬಂದರು. ನಾನು ಅವರ ಮೇಜಿನ ಮುಂದೆ ನಿಂತೆ.

“ಕೂತ್ಕೊಳಮ್ಮ.”

“ಪರವಾಗಿಲ್ಲ ಸಾರ್.”

“ನೀನು ನಿಂತ್ರೆ ನಂಗೆ ಬಿ.ಪಿ. ಏರತ್ತೆ. ಕೂತ್ಕೋ, ಆಮೇಲೆ ಹೇಳು.”

ಹೇಳಿದೆ. ಅವರು ಕಾಫಿ ಲೋಟವನ್ನು ಕೈಯಲ್ಲಿ ಸುತ್ತಿಸುತ್ತ ಕೇಳಿಸಿಕೊಂಡರು. “ದೋಣಿ ಹೋಗೋ ಕಡೆ ಅಳೆದಿದೀವಿ. ಹೋಗದ ಕಡೆ ಸಾಫ್ಟ್‌ವೇರ್ ತುಂಬಿದೆ. ಎಲ್ಲಾರೂ ಹೀಗೇ ಮಾಡೋದು. ಇದರಲ್ಲಿ ಕದ್ದಿದ್ದೇನಿದೆ?”

“ಅಲ್ಲಿ ಸೌತೆಕಾಯಿ ಬೆಳೀತಿದಾರೆ ಸಾರ್. ನಮ್ಮ ನಕ್ಷೆ ಪ್ರಕಾರ ಆ ಬಳ್ಳಿ ಗಾಳೀಲಿ ತೇಲ್ತಾ ಇರ್ಬೇಕು.”

ಸಾರ್ ನಕ್ಕರು. ಜೋರಾಗಿಯೇ ನಕ್ಕರು. ಆಮೇಲೆ ಲೋಟವನ್ನು ಕೆಳಗಿಟ್ಟು ಮುಖ ಗಂಭೀರ ಮಾಡಿಕೊಂಡರು. “ಸೋಮವಾರ ಮೀಟಿಂಗು. ಇಲಾಖೆಯೋರು ಆಗಲೇ ಎರಡು ಸಲ ಫೋನ್ ಮಾಡಿದಾರೆ. ಮುಂದಕ್ಕೆ ಹಾಕಿ ಅಂತ ನಾನು ಕೇಳಲ್ಲ. ಬೇಜಾರ್ ಮಾಡ್ಕೋಬೇಡ, ನಿಂಗೆ ಸಹಿ ಹಾಕೋಕೆ ಮನಸ್ಸಿಲ್ದಿದ್ರೆ ಅವನ ಹೆಸರು ಹಾಕ್ತೀನಿ. ಅವನೂ ದೋಣೀಲಿ ಇದ್ದ.”

ಆಚೆ ಕಂಪ್ಯೂಟರಿನ ಹಿಂದಿನಿಂದ ನನ್ನ ಸಹೋದ್ಯೋಗಿ ತಲೆ ಎತ್ತಿ ನೋಡಿದ. ಪಾಪ, ಅವನಿಗೆ ಈ ಪೈಪೋಟಿಯೇನೂ ಬೇಕಿರಲಿಲ್ಲ. ಆದರೆ ಬೇಡ ಎಂದೂ ಹೇಳಲಿಲ್ಲ.

ಸಂಜೆ ನೇರ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ಸಿಳಿದು ಕಾಂಪ್ಲೆಕ್ಸಿನ ಸುತ್ತ ನಡೆದೆ. ಬಟ್ಟೆ, ಚಪ್ಪಲಿ, ಸ್ಟೀಲ್ ಪಾತ್ರೆ, ಎಲ್ಲದರ ಮುಂದೆಯೂ ನಿಂತೆ, ಯಾವುದನ್ನೂ ನೋಡಲಿಲ್ಲ. ತಲೆಯೊಳಗೆ ಇಬ್ಬರು ಜಗಳವಾಡುತ್ತಿದ್ದರು. ಒಬ್ಬಳು ಹೇಳುತ್ತಿದ್ದಳು: ಎಲ್ಲರೂ ಮಾಡುವುದನ್ನೇ ಮಾಡಿದ್ದೀಯ, ಸಹಿ ಹಾಕು, ಹೆಸರು ಒಂದು ಸಲ ಬರಲಿ, ಮುಂದಿನ ಸಲ ಸರಿ ಮಾಡಿಕೋ. ಇನ್ನೊಬ್ಬಳು ಹೆಚ್ಚೇನೂ ಹೇಳುತ್ತಿರಲಿಲ್ಲ. ಹೆಸರು ಯಾವುದರ ಕೆಳಗೆ ಬರುತ್ತದೆ ಎಂದಷ್ಟೇ ಕೇಳುತ್ತಿದ್ದಳು.

ನಮ್ಮ ಮನೆ ಸಿದ್ದಾಪುರದಲ್ಲಿ. ಅಪ್ಪ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಅಮ್ಮ ಬಿ.ಟಿ.ಎಂ. ಲೇಔಟಿನ ಹೆಣ್ಣುಮಕ್ಕಳ ಪಿ.ಜಿ. ಒಂದರಲ್ಲಿ ಅಡುಗೆ ಮಾಡುತ್ತಾಳೆ. ನಾನು ಒಳಗೆ ಕಾಲಿಡುತ್ತಿದ್ದ ಹಾಗೆಯೇ ಅಪ್ಪ ಶುರುಮಾಡಿದ.

“ಏನ್ ಇಂಜಿನಿಯರಮ್ಮಾ, ಹೆಸ್ರು ಪ್ರಿಂಟಾಯ್ತಾ?”

“ಇಲ್ಲಪ್ಪ. ಸಹಿ ಹಾಕಿಲ್ಲ.”

“ಯಾಕೆ, ಆಫೀಸಲ್ಲಿ ಪೆನ್ನಿರ್ಲಿಲ್ವಾ?”

“ಲೆಕ್ಕ ಸರಿ ಇಲ್ಲ.”

“ನಿಮ್ ಸಾರ್ ಏನಂತಾರೆ?”

“ಹಾಕು ಅಂತಾರೆ.”

“ಮತ್ತೆ ಹಾಕು! ರಿಟೈರಾದ ಇಂಜಿನಿಯರ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ? ಅರೆಕೆರೆಲಿ ನೀರು ತುಂಬ್ಸೋ ಕಡೆ ಎಲ್ಲಾ ಡ್ರೈವರ್‌ಗೂ ಹೇಳ್ಬಿಟ್ಟಿದೀನಿ ಕಣಮ್ಮ. ನಾಳೆ ಕೇಳಿದ್ರೆ ಏನ್ ಹೇಳ್ಲಿ? ನನ್ ಮಗಳು ಡ್ಯಾಮ್ ಜೊತೆ ಜಗಳ ಆಡ್ಕೊಂಡ್ಲು ಅಂತಾನಾ?”

“ನೀನ್ಯಾಕೆ ಊರಿಗೆಲ್ಲ ಹೇಳೋಕೆ ಹೋದೆ?”

“ಓದ್ಸಿದ್ದು ನಾನು, ಹೇಳ್ಕೊಳೋದು ಪಕ್ಕದ ಮನೆಯೋರಾ?”

ಒಲೆಯ ಮುಂದಿನಿಂದ ಅಮ್ಮ ಒಗ್ಗರಣೆ ಹಾಕಿದಳು. “ಅವಳದು ಎಲ್ಲಾದಕ್ಕೂ ಅದೇ. ಗಂಡು ತೋರ್ಸಿದ್ರೂ ಲೆಕ್ಕ ಸರಿ ಇಲ್ಲ ಅಂತಾಳೆ, ಡ್ಯಾಮ್ ತೋರ್ಸಿದ್ರೂ ಲೆಕ್ಕ ಸರಿ ಇಲ್ಲ ಅಂತಾಳೆ.”

ಅಪ್ಪ ನಕ್ಕುಬಿಟ್ಟ. ನಾನೂ ನಕ್ಕೆ. ಆದರೆ ಊಟಕ್ಕೆ ಕೂತಾಗ ಅವನು ಮತ್ತೆ ಕೇಳಿದ, ಈ ಸಲ ಮೆಲ್ಲಗೆ. “ಹಂಗಾದ್ರೆ ಹೆಸ್ರು ಬರಲ್ವಾ?” ನಾನು ಅವನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದೆ. ದೊಡ್ಡವರು ಹಾಕು ಎಂದ ಕಡೆ ಹೆಬ್ಬೆಟ್ಟು ಒತ್ತಿಕೊಂಡೇ ಬಂದವರು ನಮ್ಮವರು. ನನಗಾದರೋ ಓದಿ ನೋಡಿ ಸಹಿ ಹಾಕಲು ಬರುತ್ತದೆ. ಇದನ್ನು ಅಪ್ಪನಿಗೆ ಹೇಳಿದರೆ ನೊಂದುಕೊಳ್ಳುತ್ತಾನೆಂದು ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೋಗದೆ ಜಯನಗರದ ಸಾರ್ ಮನೆಗೆ ಹೋದೆ. ಅವರು ಪಂಚೆ ಎತ್ತಿ ಕಟ್ಟಿಕೊಂಡು ಗಿಡಗಳಿಗೆ ನೀರು ಹಾಕುತ್ತಿದ್ದರು. ಗೇಟಿನ ಹತ್ತಿರವೇ ಕೇಳಿದೆ.

“ಜಿಪಿಎಸ್ ಕೋಲು ಕೊಡಿ ಸಾರ್. ನಾಳೆ ಹೋಗಿ ಆ ತುದೀನ ನಡೆದು ಅಳ್ಕೊಂಡು ಬರ್ತೀನಿ. ಭಾನುವಾರ ಕೂತು ಮುಗಿಸ್ತೀನಿ. ಆಗ್ಲಿಲ್ಲ ಅಂದ್ರೆ ಅವನ ಹೆಸ್ರೇ ಹಾಕಿ, ನಾನು ಏನೂ ಮಾತಾಡಲ್ಲ.”

“ಕೆಸರಲ್ಲಿ ನಡೀತೀಯಾ?”

“ನಡೀತೀನಿ.”

“ಹಾವು ಗೀವು ಇರತ್ತಮ್ಮ.”

“ಅಲ್ಲಿ ಹೆಂಗಸ್ರು ದಿನಾ ನಡೀತಾರೆ ಸಾರ್.”

ಅವರು ನಲ್ಲಿ ನಿಲ್ಲಿಸಿದರು. “ನಿನ್ನ ಕೆಲಸಕ್ಕೆ ತಗೊಂಡ ದಿನಾನೇ ನಮ್ಮನೆಯೋಳು ಹೇಳಿದ್ಲು, ಈ ಹುಡುಗಿ ನಿಮ್ಮನ್ನ ಸುಮ್ನೆ ಕೂರಕ್ಕೆ ಬಿಡಲ್ಲ ಅಂತ.” ಬಯ್ದರೋ ಹೊಗಳಿದರೋ ಗೊತ್ತಾಗಲಿಲ್ಲ. ಉಪಕರಣದ ಕಪಾಟಿನ ಬೀಗದ ಕೈ ಮಾತ್ರ ಕೊಟ್ಟರು.

ಶನಿವಾರ ಬೆಳಕು ಹರಿಯುವ ಮುಂಚೆ ಸಹೋದ್ಯೋಗಿಯ ಕಾರಿನಲ್ಲಿ ಬನಶಂಕರಿ ದಾಟಿದೆವು. ಅವನು ದಾರಿಯುದ್ದಕ್ಕೂ ಗೊಣಗಿದ. “ನನ್ ಹೆಸ್ರು ಬರ್ದೇ ಇರೋ ಹಂಗೆ ಮಾಡಕ್ಕೆ ನನ್ ಕಾರಲ್ಲೇ ಕರ್ಕೊಂಡು ಹೋಗ್ತಿದೀನಿ. ಇಂಥ ದಡ್ಡ ಇನ್ಯಾರಾದ್ರೂ ಇದಾನಾ ಗುರು?”

ಜಿಪಿಎಸ್ ಕೋಲಿನ ಮೊನೆ ಊರಿದ ಜಾಗದಲ್ಲಿ ನೆಲ ಎಷ್ಟು ಎತ್ತರದಲ್ಲಿದೆ ಎಂದು ಅದರ ಯಂತ್ರ ಹೇಳುತ್ತದೆ. ಆ ತುದಿಯಲ್ಲಿ ಮೊದಲ ಬಿಂದುವಿಗೆ ಕೋಲು ಊರಿದ್ದೇ ತೊಂದರೆ ಗೊತ್ತಾಯಿತು. ಬಳ್ಳಿ ಇದ್ದ ಕಡೆ ನೆಲ ಗಟ್ಟಿ. ನಾಲ್ಕು ಹೆಜ್ಜೆ ಆಚೆ ಹೋದರೆ ಕೋಲಿನ ಮೊನೆ ಕೆಸರಿನೊಳಕ್ಕೆ ಮೆತ್ತಗೆ ಇಳಿಯುತ್ತಿತ್ತು. ಮೊನೆ ಎಷ್ಟು ಇಳಿಯುತ್ತದೋ ಅಷ್ಟು ಹೂಳನ್ನು ನಾವೇ ನುಂಗಿದ ಹಾಗೆ. ಸುತ್ತ ನೋಡಿದೆವು, ಚಪ್ಪಡಿ ಇಲ್ಲ, ಹಲಗೆ ಇಲ್ಲ. ಕೊನೆಗೆ ಅವನ ಊಟದ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ ಅದರ ಮೇಲೆ ಮೊನೆ ನಿಲ್ಲಿಸಿದೆವು. ತಟ್ಟೆ ಮುಳುಗಲಿಲ್ಲ. ತಟ್ಟೆ ಇಡುವುದು, ಕೋಲು ನಿಲ್ಲಿಸುವುದು, ಅಳತೆ ತೆಗೆಯುವುದು, ತಟ್ಟೆ ಕಿತ್ತುಕೊಂಡು ಮುಂದಕ್ಕೆ ಹೋಗುವುದು. ತಟ್ಟೆಯ ಎತ್ತರವನ್ನು ಆಮೇಲೆ ಕಳೆದರಾಯಿತು.

“ಊಟಕ್ಕೆ ಏನ್ ಮಾಡ್ಲಿ ನಾನು?” ಎಂದ.

“ಡ್ಯಾಮ್ ಡಯಟ್ ಮಾಡ್ತಿದೆ ಅಂದ್ಯಲ್ಲ, ನೀನೂ ಮಾಡು.”

ಅಂದು ಸೌತೆಕಾಯಿ ಕೊಟ್ಟಿದ್ದ ಹೆಂಗಸೇ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ನೋಡುತ್ತಿದ್ದಳು. “ಏನಕ್ಕ, ಮತ್ತೆ ಬಂದ್ರಾ? ಕಾಯಿ ಅಷ್ಟು ರುಚಿಯಾಗಿತ್ತಾ?” ನಾನು ನಕ್ಕೆ. ಅವಳು ನಗಲಿಲ್ಲ, ಹತ್ತಿರ ಬಂದಳು. “ಅಳೀತಿರೋದು ಯಾಕೆ? ನಮ್ಮನ್ನ ಎಬ್ಬಿಸ್ತಾರಾ?”

“ಇಲ್ಲಕ್ಕ. ಹೊಳೆ ಎಷ್ಟು ಮಣ್ಣು ತಂದು ಹಾಕಿದೆ ಅಂತ ನೋಡ್ತಿದೀವಿ.”

“ನೋಡಿ ಏನ್ ಮಾಡ್ತಾರೆ?”

“ಮುಂದೆ ಯಾವತ್ತಾದ್ರೂ ತೆಗೀಬೋದು.”

“ಒಳ್ಳೆ ಮಣ್ಣು ಕಣಕ್ಕ ಇದು. ಗೊಬ್ಬರ ಹಾಕ್ದೇ ಬರುತ್ತೆ. ತೆಗ್ಯೋದು ಬ್ಯಾಡ ಅಂತ ಬರ್ಕೊಳ್ಳಿ.”

ಹಾಗೆ ಬರೆಯುವುದು ನನ್ನ ಕೆಲಸವಲ್ಲ, ಎಷ್ಟಿದೆ ಎಂದು ಹೇಳುವುದಷ್ಟೇ ನನ್ನದು ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಬಳ್ಳಿಗಳ ಕಡೆಗೆ ಹೊರಟುಹೋದಳು. ಈ ಸಲ ಕಾಯಿ ಕೊಡಲಿಲ್ಲ. ನಾನು ಕೊಟ್ಟ ಉತ್ತರ ಸರಿಯಾದದ್ದೇ. ಆದರೂ ಆಮೇಲಿನ ಬಿಂದುಗಳಲ್ಲೆಲ್ಲ ಕೋಲು ನೆಟ್ಟಗೆ ನಿಲ್ಲಿಸುವುದೇ ಕಷ್ಟವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಬಹುಪಾಲು ಮುಗಿದಿತ್ತು. ಒಂದು ಪಟ್ಟಿ ಮಾತ್ರ ಉಳಿಯಿತು. ಬಳ್ಳಿಗಳ ಗಟ್ಟಿ ನೆಲಕ್ಕೂ ದೋಣಿ ಓಡುವ ನೀರಿಗೂ ನಡುವೆ ಬೂದು ಬಣ್ಣದ ಹಸಿ ಕೆಸರು. ಅವನು ಇಳಿದು ನೋಡಿದ, ತೊಡೆಯವರೆಗೆ ಹೂತುಹೋದ. ಎಳೆದುಕೊಂಡೆ. ಅವನು ಬಂದ, ಅವನ ಒಂದು ಚಪ್ಪಲಿ ಬರಲಿಲ್ಲ. ಅಲ್ಲಿ ದೋಣಿಯೂ ಹೋಗುವುದಿಲ್ಲ, ಕಾಲೂ ಹೋಗುವುದಿಲ್ಲ. ದಡದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿದೆ. ಎಲ್ಲಿಯಾದರೂ ದಾರಿ ಸಿಗಬಹುದೇನೋ ಎಂದು ಹುಡುಕಿದೆ. ಸಿಗಲಿಲ್ಲ.

ಭಾನುವಾರ ಆಫೀಸಿನಲ್ಲಿ ನಾವಿಬ್ಬರೇ. ಹೊಸ ಬಿಂದುಗಳನ್ನು ಸೇರಿಸಿದ ಮೇಲೆ ಆ ಹಸಿರು ಜಾರುಬಂಡೆ ಮಾಯವಾಯಿತು. ಅದರ ಜಾಗದಲ್ಲಿ ಉಬ್ಬಿದ ಬೆನ್ನಿನ ಹಾಗೆ ಹೂಳಿನ ದಿಬ್ಬ ಎದ್ದು ಕಂಡಿತು. ಜಲಾಶಯಕ್ಕೆ ಅದರ ವಯಸ್ಸು ವಾಪಸು ಬಂತು. ಅವನು ಬಾಯಿ ಬಿಟ್ಟುಕೊಂಡು ನೋಡಿದ. “ಲೇ, ಇಷ್ಟೊಂದಾ?” ಎಂದ. ಆಮೇಲೆ ಆ ಉಳಿದ ಪಟ್ಟಿಯ ಮೇಲೆ ಬಾಣ ಇಟ್ಟು, “ಇದೊಂದನ್ನ ತುಂಬಿಸ್ಬಿಡ್ತೀನಿ, ಎರಡೂ ಕಡೆ ಬಿಂದು ಇದಾವಲ್ಲ,” ಎಂದ.

“ಬೇಡ. ಬಿಳೀದಾಗೇ ಬಿಡು.”

“ತೂತು ಬಿದ್ದಂಗೆ ಕಾಣತ್ತೆ ಮಗಾ. ಚಿಕ್ಕ ಜಾಗ.”

“ಚಿಕ್ಕದಾದ್ರೂ ನಾವು ಹೋಗಿಲ್ವಲ್ಲ.”

ಸಂಜೆ ಸಾರ್ ಬಂದರು. ಪ್ರಿಂಟ್ ತೆಗೆದ ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ದಿಬ್ಬವನ್ನು ದಾಟಿಕೊಂಡು ಹೋಗಿ ಬಿಳಿಯ ಮೇಲೆ ಬೆರಳಿಟ್ಟರು.

“ಗೊತ್ತಿಲ್ಲ ಅಂತ ಯಾರಾದ್ರೂ ವರದೀಲಿ ತೋರಿಸ್ತಾರೇನಮ್ಮಾ? ನನ್ನ ಸರ್ವೀಸಲ್ಲೇ ನೋಡಿಲ್ಲ. ಕೇಳಿದ್ರೆ ಯಾರು ಹೇಳ್ತಾರೆ?”

“ನಾನು ಹೇಳ್ತೀನಿ ಸಾರ್.”

“ನನ್ನ ಕಡೆ ನೋಡಬಾರದು ಮತ್ತೆ.”

“ನೋಡಲ್ಲ.”

ಅವರು ಕೊನೆಯ ಪುಟ ನನ್ನ ಮುಂದಿಟ್ಟರು. ನನ್ನ ಹೆಸರು, ಅದರ ಮುಂದೆ ಬಿ.ಇ. ಎಂದು ಅಚ್ಚಾಗಿತ್ತು. ಎಷ್ಟೋ ಸಲ ಮನಸ್ಸಿನಲ್ಲೇ ಹಾಕಿ ನೋಡಿದ್ದ ಸಹಿ. ಕಾಗದದ ಮೇಲೆ ಹಾಕುವಾಗ ಕೊನೆಯ ಅಕ್ಷರ ಓರೆಯಾಯಿತು. ಹಾಕಿದ ಮೇಲೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆ ಬಿಳಿಯ ಕೆಳಗೆ ಏನಿರಬಹುದು ಎಂದು ಮನೆ ಸೇರುವವರೆಗೂ ಯೋಚಿಸುತ್ತಲೇ ಇದ್ದೆ.

ಸೋಮವಾರ ಇಲಾಖೆಯ ಮೀಟಿಂಗಿನಲ್ಲಿ ಉದ್ದನೆಯ ಮೇಜಿನ ಎರಡೂ ಕಡೆ ಅಧಿಕಾರಿಗಳು ಕೂತಿದ್ದರು. ಸಾರ್ ಆ ಅಧಿಕಾರಿಗಳ ಸಾಲಿನಲ್ಲಿದ್ದರು, ನಾವಿಬ್ಬರು ಗೋಡೆಯ ಪಕ್ಕದ ಕುರ್ಚಿಗಳಲ್ಲಿ. ಹಿರಿಯ ಅಧಿಕಾರಿ ಪುಟಗಳನ್ನು ಬೇಗ ಬೇಗ ತಿರುವಿಕೊಂಡು ಬಂದವರು ನಕ್ಷೆಯ ಮೇಲೆ ನಿಂತರು. ಕಾಗದವನ್ನು ಹತ್ತಿರ ಹಿಡಿದರು, ಉಗುರಿನಿಂದ ಕೆರೆದರು.

“ಇದೇನ್ರೀ ಇಲ್ಲಿ ಬಿಳಿ? ಪ್ರಿಂಟ್ ಸರಿಯಾಗಿ ಬಂದಿಲ್ವಾ?”

ಸಾರ್ ತಮ್ಮ ಪೆನ್ನಿನ ಮುಚ್ಚಳವನ್ನೇ ನೋಡುತ್ತಿದ್ದರು. ನಾನು ಎದ್ದು ನಿಂತೆ.

“ಪ್ರಿಂಟ್ ಸರಿ ಇದೆ ಸಾರ್. ಅಲ್ಲಿ ನಾವು ಅಳೆದಿಲ್ಲ. ದೋಣಿ ಹೋಗಲಿಲ್ಲ, ನಡೆಯೋಕೂ ಆಗಲಿಲ್ಲ. ಮಿಕ್ಕಿದ್ದೆಲ್ಲ ಅಳೆದಿದ್ದೀವಿ.”

ಮೇಜಿನ ಆ ಕಡೆ ಯಾರೋ ಕೆಮ್ಮಿದರು. ಅಧಿಕಾರಿ ಕೊನೆಯ ಪುಟಕ್ಕೆ ಹೋದರು, ಕನ್ನಡಕ ಸರಿ ಮಾಡಿಕೊಂಡು ಸಹಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಇದು ನೀವೇನಾ?”

“ಹೌದು ಸಾರ್. ನಾನೇ.”

“ಗೋಡೆ ಹತ್ರ ಯಾಕೆ ಕೂತಿದೀರಿ? ಇಲ್ಲಿ ಬನ್ನಿ. ಆ ತುದಿ ಹೆಂಗೆ ಅಳೆದ್ರಿ, ಮೊದ್ಲಿಂದ ಹೇಳಿ.”

ಮೇಜಿನ ಹತ್ತಿರ ಹೋದೆ. ಯಾರೋ ಒಂದು ಕುರ್ಚಿ ಸರಿಸಿದರು. ನಾನು ಕೂರಲಿಲ್ಲ, ನಿಂತೇ ಶುರುಮಾಡಿದೆ.